ಪುಟ್ಟ ರೋಬಾಟ್ ಉಪಕರಣದ ಸೀಲ್ ಸೋರುತ್ತಿದೆಯೇ? ಎಲ್ಲಿಂದ ಹುಡುಕಬೇಕು

ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿನ ತೊಟ್ಟಿಗೆ ಅದ್ದಿ ಗುಳ್ಳೆ ನೋಡುತ್ತಾರಲ್ಲ, ನನ್ನ ಕೆಲಸವೂ ಹೆಚ್ಚು ಕಡಿಮೆ ಅದೇ. ಟ್ಯೂಬಿನ ಬದಲು ಪೆನ್ಸಿಲ್ ದಪ್ಪದ ಸ್ಟೀಲ್ ಕೊಳವೆ, ಅಷ್ಟೇ. ಶಸ್ತ್ರಚಿಕಿತ್ಸೆ ಮಾಡುವ ರೋಬಾಟ್‌ನ ತೋಳಿಗೆ ಸಿಕ್ಕಿಸುವ ಉಪಕರಣ ಅದು. ಬೆಂಗಳೂರಿನ ಒಂದು ಸಣ್ಣ ತಂಡದಲ್ಲಿ ಇಂಥ ಉಪಕರಣಗಳ ಸೀಲ್, ಅಂದರೆ ಆಪರೇಷನ್ ವೇಳೆ ಹೊಟ್ಟೆಗೆ ತುಂಬಿದ ಗ್ಯಾಸ್ ಹೊರಬರದಂತೆ ತಡೆಯುವ ರಬ್ಬರ್ ಭಾಗ, ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದ ಕೆಲಸ.

ಸೋರಿಕೆ ಕಂಡ ಕೂಡಲೇ ಎಲ್ಲರೂ ಮಾಡುವುದು ಒಂದೇ: ಸೀಲ್ ಬದಲಿಸುವುದು. ಎರಡು ದಿನ ಸರಿಯಿರುತ್ತದೆ, ಮತ್ತೆ ಅದೇ ಕಥೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಬಿಚ್ಚಿ ನೋಡಿದ್ದರಲ್ಲಿ ಮುಕ್ಕಾಲು ಪಾಲು ನೆಲವೇ ಡೊಂಕಾಗಿತ್ತು. ರಬ್ಬರ್ ಸರಿಯಿತ್ತು. ಅದು ಕೂತ ಗ್ರೂವ್, ಅದರ ಮೇಲೆ ಉಜ್ಜುವ ರಾಡ್, ಅದಕ್ಕೆ ಹಚ್ಚಿದ ಗ್ರೀಸ್, ಕೊನೆಗೆ ನಾವು ಮಾಡಿದ ಪರೀಕ್ಷೆ, ಇವುಗಳಲ್ಲಿ ಯಾವುದೋ ಒಂದು ಕೆಟ್ಟಿತ್ತು. ಅದಕ್ಕೇ ಈ ಬರಹವನ್ನು ಕಣ್ಣಿಗೆ ಬೀಳುವ ಲಕ್ಷಣದಿಂದ ಶುರುಮಾಡಿದ್ದೇನೆ. ಪ್ರತಿ ಲಕ್ಷಣದಲ್ಲೂ ಕಾಸು ಖರ್ಚಿಲ್ಲದ ತಪಾಸಣೆ ಮೊದಲು.

ಮುಟ್ಟುವ ಮೊದಲು

ಆಸ್ಪತ್ರೆಯಲ್ಲಿರುವವರಿಗೆ ಒಂದು ನಿಯಮ, ವರ್ಕ್‌ಶಾಪ್ ಬೆಂಚಿನ ಮುಂದೆ ಕೂತ ನಮ್ಮಂಥವರಿಗೆ ಇನ್ನೊಂದು. ಬಯೋಮೆಡಿಕಲ್ ವಿಭಾಗದವರು, ಸಿಎಸ್‌ಎಸ್‌ಡಿಯವರು (ಉಪಕರಣ ತೊಳೆದು ಸ್ಟೆರಿಲೈಸ್ ಮಾಡುವ ವಿಭಾಗ) ಹೊರಗಿನಿಂದ ನೋಡಬಹುದು, ಕೇಳಬಹುದು, ತೂಗಬಹುದು. ಬಿಚ್ಚಬಾರದು. ಒಮ್ಮೆ ಬಿಚ್ಚಿ ಜೋಡಿಸಿದ ಉಪಕರಣ ಮತ್ತೆ ರೋಗಿಯ ಹತ್ತಿರ ಹೋಗುವಂತಿಲ್ಲ.

ಆಪರೇಷನ್ ನಡೆಯುತ್ತಿರುವಾಗ ದೋಷ ಹುಡುಕುತ್ತ ಕೂರಬೇಡಿ. ಅನುಮಾನ ಬಂದ ಉಪಕರಣ ಹೊರಗೆ, ಬದಲಿ ಒಳಗೆ. ಮುಂದೇನು ಅನ್ನುವುದು ಸರ್ಜನ್ ಮತ್ತು ಅನಸ್ತೇಶಿಯಾ ಡಾಕ್ಟರ ತೀರ್ಮಾನ.

ಬಳಸಿ ಬಂದ ಉಪಕರಣದ ಒಳಗೆ ಒಣಗಿದ ರಕ್ತ ಇದ್ದೇ ಇರುತ್ತದೆ ಅಂತ ತಿಳಿದೇ ಮುಂದುವರಿಯಿರಿ. ತೊಳೆದು, ಸ್ಟೆರಿಲೈಸ್ ಆಗಿದ್ದಕ್ಕೆ ದಾಖಲೆ ಇದ್ದರೆ ಮಾತ್ರ ಬೆಂಚಿಗೆ. ಇನ್ನು ವರ್ಕ್‌ಶಾಪ್ ಕಂಪ್ರೆಸರ್‌ನ ಗಾಳಿ ನೇರ ಕೊಡಬೇಡಿ. ಅದರಲ್ಲಿ 6 ಬಾರ್ ಇರುತ್ತದೆ, ನಮಗೆ ಬೇಕಾದ್ದು 20 ಮಿಲಿಬಾರ್. ನಡುವೆ ರೆಗ್ಯುಲೇಟರ್ ಇರಲಿ, ಕಣ್ಣಿಗೆ ಕನ್ನಡಕ ಇರಲಿ.

ಸೋರಲು ಎಷ್ಟು ದಾರಿ

ಶಸ್ತ್ರಚಿಕಿತ್ಸೆಯ ಡಾ ವಿನ್ಸಿ ರೋಬಾಟ್‌ಗೆ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2000ರಲ್ಲಿ. ಅದರ ಉಪಕರಣಗಳ ಸಾಮಾನ್ಯ ದಪ್ಪ 8 ಮಿ.ಮೀ. 2018ರಲ್ಲಿ ಒಪ್ಪಿಗೆ ಪಡೆದ ಒಂದೇ ತೂತಿನ ಎಸ್‌ಪಿ ಮಾದರಿಯಲ್ಲಿ ಅದು 6 ಮಿ.ಮೀ.ಗೆ ಇಳಿಯಿತು. ಈ ಕೊಳವೆಯ ತುದಿಯಲ್ಲಿ ಮಣಿಕಟ್ಟಿನಂತೆ ತಿರುಗುವ ಕೈ. ಹಿಂದೆ ರೋಬಾಟ್‌ಗೆ ಕಚ್ಚಿಕೊಳ್ಳುವ ಡಬ್ಬಿ. ನಡುವೆ ಮಣಿಕಟ್ಟನ್ನು ಎಳೆಯುವ ಸಣ್ಣ ಸಣ್ಣ ಲೋಹದ ಕೇಬಲ್‌ಗಳು.

ಗ್ಯಾಸ್ ಹೊರಗೆ ಬರಲು ದಾರಿ ಮುಖ್ಯವಾಗಿ ಮೂರು. ಒಂದು, ಉಪಕರಣದ ಹೊರಗಡೆ, ಕ್ಯಾನುಲಾ (ಹೊಟ್ಟೆಗೆ ಚುಚ್ಚಿ ಇಡುವ, ಉಪಕರಣ ಒಳಹೋಗುವ ನಳಿಗೆ) ಮತ್ತು ಕೊಳವೆಯ ನಡುವೆ. ಎರಡು, ಕೊಳವೆಯ ಒಳಗಡೆ, ಕೇಬಲ್‌ಗಳ ಪಕ್ಕದಿಂದ ಹಿಂದಿನ ಡಬ್ಬಿಗೆ. ಮೂರು, ತೊಳೆಯಲು ಇಟ್ಟಿರುವ ಫ್ಲಶ್ ಪೋರ್ಟ್. ಯಾವ ದಾರಿ ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಲಕ್ಷಣ: ಗ್ಯಾಸ್ ಹೋಗುತ್ತಲೇ ಇದೆ, ಒತ್ತಡ ನಿಲ್ಲುತ್ತಿಲ್ಲ

ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳ ಮೂಲಕ ಮಾಡುವ ಆಪರೇಷನ್‌ನಲ್ಲಿ, ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಜಾಗ ಮಾಡಿಕೊಳ್ಳುತ್ತಾರೆ. ಒತ್ತಡ ಸಾಮಾನ್ಯವಾಗಿ ಪಾದರಸದ 12ರಿಂದ 15 ಮಿ.ಮೀ., ಅಂದರೆ 16ರಿಂದ 20 ಮಿಲಿಬಾರ್. ತುಂಬುವ ಯಂತ್ರ ಇನ್ಸಫ್ಲೇಟರ್. ಒಮ್ಮೆ ತುಂಬಿದ ಮೇಲೆ ಅದು ಬಹುಪಾಲು ಸುಮ್ಮನಿರಬೇಕು. ನಿಮಿಷಕ್ಕೆ ಇಷ್ಟು ಲೀಟರ್ ಅಂತ ಅಂಕಿ ಓಡುತ್ತಲೇ ಇದ್ದರೆ ಎಲ್ಲೋ ಖಾಲಿಯಾಗುತ್ತಿದೆ.

ಉಪಕರಣವನ್ನು ದೂರುವ ಮೊದಲು ಸಕ್ಷನ್ ನಡೆಯುತ್ತಿದೆಯಾ ನೋಡಿ. ಸಕ್ಷನ್ ಅಥವಾ ಹೊಗೆ ಎಳೆಯುವ ಪೈಪ್ ಓಡುತ್ತಿದ್ದರೆ ಒತ್ತಡ ಬೀಳುವುದು ಸಹಜ, ಅದು ಸೋರಿಕೆಯೇ ಅಲ್ಲ. ಆಮೇಲೆ ಸಿಲಿಂಡರ್, ಪೈಪಿನ ಜೋಡಣೆ, ಕ್ಯಾನುಲಾ ಪಕ್ಕದ ಪುಟ್ಟ ನಲ್ಲಿ. ಆ ನಲ್ಲಿಯನ್ನು ಅರ್ಧ ತೆರೆದು ಮರೆತಿರುವುದು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಅದಾದ ಮೇಲೆ ಚರ್ಮ: ಕೊಯ್ತ ಕ್ಯಾನುಲಾಗಿಂತ ದೊಡ್ಡದಾಗಿದ್ದರೆ ಸುತ್ತಲಿಂದಲೇ ಗ್ಯಾಸ್ ಬರುತ್ತದೆ. ಆ ಜಾಗಕ್ಕೆ ಸ್ವಲ್ಪ ಸಲೈನ್ ಬಿಟ್ಟರೆ ಗುಳ್ಳೆಯೇ ಉತ್ತರ ಹೇಳುತ್ತದೆ.

ಇವೆಲ್ಲ ಸರಿಯಿದ್ದರೆ ಕ್ಯಾನುಲಾ ತಲೆಯ ಸೀಲಿಗೆ ಬನ್ನಿ. ಅಲ್ಲಿ ಎರಡು ರಬ್ಬರ್ ಭಾಗಗಳು ಕೆಲಸ ಹಂಚಿಕೊಂಡಿರುತ್ತವೆ. ಒಂದು ತುಟಿ ಸೀಲ್, ಉಪಕರಣ ಒಳಗಿದ್ದಾಗ ಅದರ ಮೈಗೆ ಕಚ್ಚಿಕೊಳ್ಳುತ್ತದೆ. ಇನ್ನೊಂದು ಬಾತುಕೋಳಿ ಕೊಕ್ಕಿನ ಆಕಾರದ ವಾಲ್ವ್, ಉಪಕರಣ ತೆಗೆದಾಗ ತಾನಾಗಿ ಮುಚ್ಚಿಕೊಳ್ಳುತ್ತದೆ. ಉಪಕರಣ ತೆಗೆದಾಗ ಮಾತ್ರ ಸೋರಿದರೆ ಕೊಕ್ಕಿನ ವಾಲ್ವ್ ಕೆಟ್ಟಿದೆ, ಅಥವಾ ಅದರ ನಡುವೆ ದಾರದ ತುಂಡೋ ಅಂಗಾಂಶದ ಚೂರೋ ಸಿಕ್ಕಿದೆ. ಉಪಕರಣ ಒಳಗಿದ್ದಾಗ ಮಾತ್ರ ಸೋರಿದರೆ ತುಟಿ ಸೀಲ್ ಇರಬಹುದು, ಉಪಕರಣದ ಹೊಟ್ಟೆಯೊಳಗಿನ ಸೀಲೂ ಇರಬಹುದು. ಇವೆರಡನ್ನು ಬೇರೆ ಮಾಡುವುದು ಸುಲಭ. ಅದೇ ಕ್ಯಾನುಲಾದಲ್ಲಿ ಇನ್ನೊಂದು ಉಪಕರಣ ಹಾಕಿ. ಸೋರಿಕೆ ನಿಂತರೆ ತಪ್ಪು ಮೊದಲ ಉಪಕರಣದ್ದು. ನಿಲ್ಲದಿದ್ದರೆ ಕ್ಯಾನುಲಾ ಸೀಲಿನದ್ದು, ಅದನ್ನು ಬದಲಿಸಿ.

ಆಸ್ಪತ್ರೆಯ ಕಡೆಯ ತಪಾಸಣೆ ಇಲ್ಲಿಗೆ ಮುಗಿಯಿತು. ಮುಂದಿನದು ಬೆಂಚಿನದು.

ಲಕ್ಷಣ: ಬೆಳಿಗ್ಗೆ ಪಾಸ್, ಮಧ್ಯಾಹ್ನ ಫೇಲ್

ಇದು ನನ್ನ ಮೂರು ವಾರ ನುಂಗಿದ ದೋಷ. ಕೊಳವೆಗೆ 20 ಮಿಲಿಬಾರ್ ಗಾಳಿ ತುಂಬಿ, ಬಾಯಿ ಮುಚ್ಚಿ, ಒಂದು ನಿಮಿಷದಲ್ಲಿ ಒತ್ತಡ ಎಷ್ಟು ಇಳಿಯುತ್ತದೆ ಅಂತ ನೋಡುವುದು ನಮ್ಮ ಪರೀಕ್ಷೆ. 1 ಮಿಲಿಬಾರ್‌ಗಿಂತ ಜಾಸ್ತಿ ಇಳಿದರೆ ಫೇಲ್. ಬೆಳಿಗ್ಗೆ ಪಾಸಾದ ತುಂಡುಗಳೇ ಊಟದ ನಂತರ ಸಾಲಾಗಿ ಫೇಲ್ ಆಗುತ್ತಿದ್ದವು. ಸೀಲ್ ಬದಲಿಸಿದೆವು, ಗ್ರೀಸ್ ಬದಲಿಸಿದೆವು, ಕೊನೆಗೆ ಸಪ್ಲೈಯರ್‌ಗೂ ಬೈದದ್ದಾಯಿತು. ಒಂದು ದಿನ ನಮ್ಮ ಟೆಕ್ನಿಷಿಯನ್ ಹುಡುಗಿ ಕೇಳಿದಳು, "ಸಾರ್, ಎಸಿ ಹಾಕಿದ ತಕ್ಷಣ ಇಳಿಯುತ್ತೆ, ನೋಡಿದೀರಾ?"

ಲೆಕ್ಕ ಹಾಕಿದರೆ ನಾಚಿಕೆಯಾಗಬೇಕು. ಮುಚ್ಚಿದ ಗಾಳಿಯ ಒತ್ತಡ ಉಷ್ಣತೆಯ ಜೊತೆ ಏರಿಳಿಯುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರ, ಇಲ್ಲಿನ ವಾತಾವರಣದ ಒತ್ತಡ ಸುಮಾರು 910 ಮಿಲಿಬಾರ್. ಕೊಳವೆಯೊಳಗೆ ಒಟ್ಟು 930. ಇದನ್ನು ಕೋಣೆಯ ಉಷ್ಣತೆಯಾದ 298 ಕೆಲ್ವಿನ್‌ನಿಂದ ಭಾಗಿಸಿ. ಒಂದು ಡಿಗ್ರಿ ತಂಪಾದರೆ 3 ಮಿಲಿಬಾರ್ ಇಳಿಯುತ್ತದೆ, ಒಂದು ಹನಿ ಗಾಳಿಯೂ ಸೋರದೆ! ನಮ್ಮ ಮಿತಿಯೇ 1 ಮಿಲಿಬಾರ್. ಅಂದರೆ ನಾವು ಅಳೆಯುತ್ತಿದ್ದದ್ದು ಎಸಿಯನ್ನು.

ಇದಕ್ಕಿಂತ ಅಪಾಯ ಇದರ ತಿರುಗು ಮುರುಗು. ಕೊಳವೆಯನ್ನು ಕೈಯಲ್ಲಿ ಹಿಡಿದು ಕೂತರೆ ಅಂಗೈ ಬಿಸಿಗೆ ಒತ್ತಡ ಏರಿ ನಿಜವಾದ ಸೋರಿಕೆ ಮುಚ್ಚಿಹೋಗುತ್ತದೆ. ಸುಳ್ಳು ಫೇಲ್ ಆದರೆ ದುಡ್ಡು ಹೋಗುತ್ತದೆ, ಸುಳ್ಳು ಪಾಸ್ ಆದರೆ ದೋಷ ಆಪರೇಷನ್ ಥಿಯೇಟರ್ ತನಕ ಹೋಗುತ್ತದೆ. ಪರಿಹಾರ ಅಗ್ಗವಾಗಿಯೇ ಸಿಕ್ಕಿತು. ಥರ್ಮಾಕೋಲ್ ಪೆಟ್ಟಿಗೆಯೊಳಗೆ ಇಟ್ಟು, ಗಾಳಿ ತುಂಬಿದ ಮೇಲೆ ಎರಡು ನಿಮಿಷ ಸುಮ್ನೆ ಬಿಟ್ಟು, ಆಮೇಲೆ ಅಳೆಯುವುದು. ಪಕ್ಕದಲ್ಲಿ ಸೋರಲು ಜಾಗವೇ ಇಲ್ಲದ ಒಂದು ಕುರುಡು ಕೊಳವೆ ಇಟ್ಟು ಅದನ್ನೂ ಅಳೆಯುವುದು. ಎರಡರ ವ್ಯತ್ಯಾಸವೇ ನಿಜವಾದ ಸೋರಿಕೆ.

ಹಾಗಾದರೆ ಪಂಕ್ಚರ್ ಅಂಗಡಿ ವಿಧಾನವೇ ಒಳ್ಳೇದು ಅಲ್ವಾ? ಅದಕ್ಕೂ ಎರಡು ಕೊಕ್ಕೆ ಇವೆ. ಪಾದರಸದ 15 ಮಿ.ಮೀ. ಅಂದರೆ ಸುಮಾರು 20 ಸೆ.ಮೀ. ನೀರು. ಉಪಕರಣವನ್ನು ಬಕೆಟ್ಟಿನಲ್ಲಿ 20 ಸೆ.ಮೀ. ಆಳಕ್ಕೆ ಮುಳುಗಿಸಿದರೆ ಹೊರಗಿನ ನೀರು ಒಳಗಿನ ಗ್ಯಾಸಿಗೆ ಸರಿಸಮ, ಗುಳ್ಳೆ ಬರುವುದೇ ಇಲ್ಲ. ಅಗಲ ತಟ್ಟೆಯಲ್ಲಿ ಒಂದೆರಡು ಸೆ.ಮೀ. ಆಳ ಸಾಕು. ಎರಡನೆಯದು ನೀರಿನ ಬಿಗಿತ. ಸಣ್ಣ ತೂತಿನ ಬಾಯಲ್ಲಿ ನೀರು ಮುಚ್ಚಳದಂತೆ ಕೂರುತ್ತದೆ. 20 ಮಿಲಿಬಾರ್ ಒತ್ತಡಕ್ಕೆ ಬರೀ ನೀರಿನಲ್ಲಿ ಸುಮಾರು 0.14 ಮಿ.ಮೀ.ಗಿಂತ ಸಣ್ಣ ತೂತು ಗುಳ್ಳೆ ಬಿಡುವುದಿಲ್ಲ. ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದರೆ ಬಿಗಿತ ಅರ್ಧಕ್ಕಿಂತ ಕಡಿಮೆಯಾಗಿ, ಅದಕ್ಕೂ ಸಣ್ಣ ತೂತು ಮಾತಾಡುತ್ತದೆ. ನಾನು ಎರಡೂ ಪರೀಕ್ಷೆ ಮಾಡುತ್ತೇನೆ. ಸೋರುತ್ತಿದೆಯೇ ಅಂತ ಹೇಳುವುದು ಒತ್ತಡದ ಪರೀಕ್ಷೆ, ಎಲ್ಲಿಂದ ಅಂತ ಹೇಳುವುದು ಗುಳ್ಳೆ.

ಲಕ್ಷಣ: ಹೊಸ ಸೀಲ್, ಮೊದಲ ದಿನವೇ ಸೋರಿಕೆ

ಮೊದಲು ಭೂತಗನ್ನಡಿ ಹಿಡಿಯಿರಿ. ಸೀಲಿನ ಮೇಲೆ ಅರ್ಧಚಂದ್ರದಂಥ ಸಣ್ಣ ಕಚ್ಚು ಇದ್ದರೆ ಅದು ಜೋಡಿಸುವಾಗ ಕುಯ್ದುಹೋದದ್ದು. ಓ-ರಿಂಗ್ (ಬಳೆಯಂಥ ರಬ್ಬರ್ ಸೀಲ್) ದಾಟಿ ಬರುವ ದಾರಿಯಲ್ಲಿ ಚೂಪಾದ ಅಂಚೋ ಅಡ್ಡ ತೂತೋ ಇದೆ. ಪೀಣ್ಯದಲ್ಲಿ ನಮಗೆ ಬಿಡಿಭಾಗ ಮಾಡಿಕೊಡುವ ಅಣ್ಣನ ಹತ್ತಿರ ಈ ಬಗ್ಗೆ ಜಗಳಕ್ಕೇ ಹೋಗಿದ್ದೆ. ಅವರು ಡ್ರಾಯಿಂಗ್ ಮುಂದಿಟ್ಟು, "ಚ್ಯಾಂಫರ್ ಎಲ್ಲಿ ತೋರ್ಸಿದೀರಾ ಸಾರ್? ನೀವು ಬರ್ದಿಲ್ಲ, ನಾನು ಹೊಡ್ದಿಲ್ಲ" ಅಂದರು. ಸರಿಯಾದ ಮಾತು. ಈಗ ಸೀಲ್ ಒಳಹೋಗುವ ಪ್ರತಿ ಬಾಯಿಗೂ 15ರಿಂದ 20 ಡಿಗ್ರಿ ಇಳಿಜಾರು, ಬರ್ (ಕೊರೆದಾಗ ಅಂಚಿನಲ್ಲಿ ಉಳಿಯುವ ಚೂಪು ಚೂರು) ಇರಬಾರದು ಅಂತ ದಪ್ಪ ಅಕ್ಷರದಲ್ಲಿ ಬರೆಯುತ್ತೇನೆ.

ಎರಡನೆಯದು ರಾಡ್ ಮೇಲಿನ ಗೀರು. ಉಗುರು ಸವರಿ ನೋಡಿ. ಸುತ್ತ ಬಂದ ಗೀರು ಅಷ್ಟು ಕೆಡುಕು ಮಾಡುವುದಿಲ್ಲ. ಉದ್ದಕ್ಕೆ ಹೋದ ಗೀರು ಮಾತ್ರ ಸೀಲಿನ ಅಡಿಯಲ್ಲಿ ತೋಡಿದ ಕಾಲುವೆಯಿದ್ದ ಹಾಗೆ. ಜಾರುವ ಮೇಲ್ಮೈಗೆ ನಾವು ಕೇಳುವ ನಯ 0.2ರಿಂದ 0.4 ಮೈಕ್ರಾನ್. ಕನ್ನಡಿಯಷ್ಟು ನಯ ಮಾಡಿದರೂ ತೊಂದರೆಯೇ, ಗ್ರೀಸ್ ನಿಲ್ಲಲು ಜಾಗವಿರುವುದಿಲ್ಲ.

ಮೂರನೆಯದು ಅಳತೆ. ಪುಟ್ಟ ಸೀಲುಗಳ ಅಸಲಿ ರೋಗ ಇಲ್ಲಿದೆ.

ಓ-ರಿಂಗ್ ಕೆಲಸ ಮಾಡುವುದು ಹಿಂಡಿದಾಗ. ಜಾರುವ ಸೀಲಿಗೆ ಹಗ್ಗದ, ಅಂದರೆ ಬಳೆಯಾಗಿ ಸುತ್ತಿದ ರಬ್ಬರ್ ಎಳೆಯ, ದಪ್ಪದ 10ರಿಂದ 20 ಶೇಕಡ ಹಿಂಡುವುದು ವಾಡಿಕೆ. ನಮ್ಮ ಉಪಕರಣದಲ್ಲಿ ಹಗ್ಗದ ದಪ್ಪ 1 ಮಿ.ಮೀ. ಗ್ರೂವ್‌ನ ಜಾಗ 0.85. ಹಿಂಡಿತ 0.15 ಮಿ.ಮೀ., ಅಂದರೆ ಶೇಕಡ 15. ಕಾಗದದ ಮೇಲೆ ಚೆಂದ. ಈಗ ಓ-ರಿಂಗ್ ಅಳತೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 3601 ತೆಗೆದು ನೋಡಿ. ಈ ದಪ್ಪದ ಹಗ್ಗಕ್ಕೆ ಅದು ಕೊಡುವ ಸಡಿಲ 0.08 ಮಿ.ಮೀ., ಎರಡೂ ಕಡೆಗೆ. ಅಂದರೆ ಪೊಟ್ಟಣದಲ್ಲಿ 0.92ರದ್ದೂ ಬರಬಹುದು, 1.08ರದ್ದೂ ಬರಬಹುದು, ಎರಡೂ ಒಳ್ಳೆಯ ಮಾಲೇ.

0.92ರದ್ದು ಬಂತು ಅಂದುಕೊಳ್ಳಿ. ಹಿಂಡಿತ 0.07ಕ್ಕೆ ಇಳಿಯಿತು. ರಾಡ್ ಮತ್ತು ಬೋರ್ (ಅದು ಜಾರುವ ತೂತು) ಸೇರಿ ಅಳತೆಯಲ್ಲಿ 0.04 ಆಚೀಚೆ ಆದರೆ ಉಳಿದದ್ದು 0.03. ರಾಡ್ ನಟ್ಟನಡುವೆ ಇರದೆ 0.03 ಪಕ್ಕಕ್ಕೆ ಸರಿದರೆ ಆ ಕಡೆ ಹಿಂಡಿತ ಸೊನ್ನೆ. ಎಲ್ಲ ತುಂಡೂ ಡ್ರಾಯಿಂಗ್ ಪ್ರಕಾರವೇ ಇದೆ, ಸೀಲ್ ಸೋರುತ್ತಿದೆ! ಇನ್ನೊಂದು ತುದಿಯಲ್ಲಿ 1.08ರದ್ದು ಬಂದು, ಆ 0.04 ಬಿಗಿಯ ಕಡೆಗೆ ಬಿದ್ದರೆ ಹಿಂಡಿತ ಶೇಕಡ 25ರ ಆಸುಪಾಸು. ಅದು ಸೋರುವುದಿಲ್ಲ, ಆದರೆ ರಾಡ್ ಬಿಗಿಯಾಗಿ ಅಲುಗಾಡುವುದೇ ಇಲ್ಲ. ಒಂದೇ ಡ್ರಾಯಿಂಗ್, ಒಂದೇ ಪೊಟ್ಟಣ, ಎರಡು ವಿರುದ್ಧ ದೂರು.

ದೊಡ್ಡ ಪಂಪಿನಲ್ಲಿ ಇದೇ ಓ-ರಿಂಗ್ 5.33 ಮಿ.ಮೀ. ದಪ್ಪ ಇರುತ್ತದೆ. ಅಲ್ಲಿ ಸಡಿಲ 0.13, ಅಂದರೆ ಶೇಕಡ ಎರಡೂವರೆ. ಯಾರ ಗಮನಕ್ಕೂ ಬರುವುದಿಲ್ಲ. ನಮ್ಮಲ್ಲಿ ಶೇಕಡ ಎಂಟು. ವಸ್ತು ಚಿಕ್ಕದಾದಷ್ಟು ತಪ್ಪು ಚಿಕ್ಕದಾಗುವುದಿಲ್ಲ. ತಲೆಗೂದಲೂ ಚಿಕ್ಕದಾಗುವುದಿಲ್ಲ ನೋಡಿ: ಒಂದು ಕೂದಲಿನ ದಪ್ಪ ಸುಮಾರು 0.07 ಮಿ.ಮೀ., ನಮ್ಮ ಇಡೀ ಹಿಂಡಿತದ ಅರ್ಧ. ಜೋಡಿಸುವ ಕೋಣೆಯಲ್ಲಿ ಟೋಪಿ ಹಾಕಿ ಅಂತ ಗೋಳಾಡುವುದು ಅದಕ್ಕೇ.

ಹಾಗಾಗಿ ತಪಾಸಣೆಯ ಕ್ರಮ ಹೀಗಿರಲಿ. ಮೊದಲು ಸೋರಿದ ತುಂಡಿನ ಹಗ್ಗದ ದಪ್ಪ ಅಳೆಯಿರಿ, ಮೈಕ್ರೋಮೀಟರಿನಿಂದ ಬೇಡ. ಅದು ರಬ್ಬರನ್ನು ಹಿಂಡಿಯೇ ಅಳೆಯುತ್ತದೆ. ಮುಟ್ಟದೆ ಅಳೆಯುವ ಪ್ರೊಫೈಲ್ ಪ್ರೊಜೆಕ್ಟರ್ ಹತ್ತಿರದ ಟೂಲ್ ರೂಮಿನಲ್ಲಿ ಸಿಗುತ್ತದೆ. ಆಮೇಲೆ ಗ್ರೂವ್, ಆಮೇಲೆ ರಾಡ್ ಎಷ್ಟು ಪಕ್ಕಕ್ಕೆ ಸರಿದಿದೆ ಅನ್ನುವುದು. ಹಗ್ಗ ತಪ್ಪಿತಸ್ಥ ಆದರೆ ಪೊಟ್ಟಣ ವಿಂಗಡಿಸಿ, ದಪ್ಪದ್ದು ಒಂದು ಡಬ್ಬಿಗೆ, ತೆಳ್ಳನೆಯದು ಇನ್ನೊಂದಕ್ಕೆ. ಮೂಲಮಾದರಿಗೆ ಇದು ನಡೆಯುತ್ತದೆ. ಸಾವಿರಗಟ್ಟಲೆ ಮಾಡುವಾಗ ಓ-ರಿಂಗ್ ಬಿಟ್ಟು ತುಟಿ ಸೀಲಿಗೆ ಹೋಗುವುದು ಮೇಲು ಅನ್ನುವುದು ನನ್ನ ಅಭಿಪ್ರಾಯ. ತೆಳುವಾದ ತುಟಿ ಬಾಗಿ ಮುಚ್ಚುತ್ತದೆ, ಹಿಂಡಿ ಮುಚ್ಚುವುದಿಲ್ಲ. ಅದಕ್ಕೆ 0.1 ಮಿ.ಮೀ. ಆಚೀಚೆ ದೊಡ್ಡ ವಿಷಯವಲ್ಲ.

ಲಕ್ಷಣ: ಸೀಲ್ ಸುತ್ತ ಗುಳ್ಳೆಯೇ ಇಲ್ಲ, ಆದರೂ ಒತ್ತಡ ಇಳಿಯುತ್ತಿದೆ

ಹಿಂದಿನ ಡಬ್ಬಿ ತೆಗೆದು, ಕೇಬಲ್‌ಗಳ ಕತ್ತರಿಸಿದ ತುದಿಗೆ ಸೋಪು ನೀರು ಮುಟ್ಟಿಸಿ. ಕೇಬಲ್‌ನ ನಟ್ಟನಡುವಿಂದ ನೊರೆ ಎದ್ದರೆ ಬೆಚ್ಚಬೇಡಿ.

ಮಣಿಕಟ್ಟಿನ ಕೇಬಲ್ ಒಂದೇ ತಂತಿಯಲ್ಲ. ಕೂದಲಿಗಿಂತ ತೆಳುವಾದ ಹತ್ತಾರು, ಕೆಲವೊಮ್ಮೆ ನೂರಾರು ತಂತಿಗಳನ್ನು ಹೊಸೆದ ಹಗ್ಗ. ಹೊರಮೈಗೆ ಎಂಥ ಸೀಲ್ ಹಾಕಿದರೂ ತಂತಿ ತಂತಿಯ ನಡುವಿನ ಸಂದಿ ತೆರೆದೇ ಇರುತ್ತದೆ. ದೀಪದ ಬತ್ತಿ ಎಣ್ಣೆ ಏರಿಸುವ ಹಾಗೆ ಅದು ರಕ್ತ, ಸಲೈನ್ ಎರಡನ್ನೂ ಮೇಲಕ್ಕೆ ಎಳೆಯುತ್ತದೆ. ಗ್ಯಾಸ್ ಸೋರುವುದಕ್ಕಿಂತ ಇದು ಕೆಟ್ಟದ್ದು. ಗ್ಯಾಸ್ ಹೋಗಿಬಿಡುತ್ತದೆ, ರಕ್ತ ಒಳಗೇ ಒಣಗುತ್ತದೆ, ಯಾವ ಬ್ರಷ್ಷೂ ಅಲ್ಲಿಗೆ ಮುಟ್ಟುವುದಿಲ್ಲ.

ಇದಕ್ಕೆ ಇನ್ನಷ್ಟು ಬಿಗಿಯಾದ ಸೀಲ್ ಹಾಕಿ ಪ್ರಯೋಜನವಿಲ್ಲ. ದೋಷ ವಿನ್ಯಾಸದಲ್ಲೇ ಇದೆ. ಮಣಿಕಟ್ಟಿನ ಹತ್ತಿರ ಬಾಗುವ ಕಡೆ ಮಾತ್ರ ಕೇಬಲ್ ಬೇಕು. ಉದ್ದನೆಯ ನೇರ ಕೊಳವೆಯಲ್ಲಿ ಬಾಗುವ ಅಗತ್ಯವೇ ಇಲ್ಲ. ಅಲ್ಲಿ ಕೇಬಲ್‌ಗೆ ಗಟ್ಟಿ ರಾಡನ್ನೋ ಸೂಜಿಯಂಥ ಸಣ್ಣ ಸ್ಟೀಲ್ ಕೊಳವೆಯನ್ನೋ ಜೋಡಿಸಿ, ಸೀಲ್ ಆ ನಯವಾದ ಮೈ ಮೇಲೆ ಜಾರುವಂತೆ ಮಾಡಬೇಕು. ಆ ಸಣ್ಣ ಕೊಳವೆಯ ಒಂದು ತುದಿಯಾದರೂ ಪೂರ್ತಿ ಮುಚ್ಚಿರಬೇಕು, ಇಲ್ಲದಿದ್ದರೆ ಕಳ್ಳ ಹಿತ್ತಿಲ ಬಾಗಿಲಿಂದ ಬರುತ್ತಾನೆ.

ಲಕ್ಷಣ: ಸೋರುತ್ತಿಲ್ಲ, ಆದರೆ ತಡೆತಡೆದು ಜಾರುತ್ತದೆ

ನಿಧಾನ ಚಲನೆಯಲ್ಲಿ ಉಪಕರಣ ನಿಂತು, ಹಾರಿ, ಮತ್ತೆ ನಿಂತರೆ ಮೋಟಾರು, ಸಾಫ್ಟ್‌ವೇರ್ ಅಂತ ಓಡಬೇಡಿ. ರೋಬಾಟಿನಿಂದ ತೆಗೆದು ಕೈಯಲ್ಲೇ ಕ್ಯಾನುಲಾದೊಳಗೆ ಆಡಿಸಿ. ಸೀಲ್ ಒಣಗಿದ್ದರೆ ಕೈಗೇ ಗೊತ್ತಾಗುತ್ತದೆ. ಮೈಗೆ ಸ್ವಲ್ಪ ಸಲೈನ್ ಸವರಿದಾಗ ಸರಿಹೋದರೆ ಅಷ್ಟೇ ಕಾಯಿಲೆ. ಸರಿಹೋಗದಿದ್ದರೆ ಸಣ್ಣ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ನೋಡಿ: ಕ್ಯಾನುಲಾ ಸೀಲ್ ಇದ್ದಾಗ ಎಷ್ಟು, ಇಲ್ಲದಾಗ ಎಷ್ಟು. ರಾತ್ರಿಯಿಡೀ ಬಿಟ್ಟ ಸೀಲಿನ ಮೊದಲ ಎಳೆತ ಭಾರವಾಗಿಯೇ ಇರುತ್ತದೆ, ರಬ್ಬರ್ ಗುಣ ಅದು. ಎರಡನೆಯ, ಮೂರನೆಯ ಎಳೆತವೂ ಇಳಿಯದಿದ್ದರೆ ಹಿಂಡಿತ ಜಾಸ್ತಿ, ಮೇಲಿನ 1.08ರ ಕಥೆಗೆ ವಾಪಸ್ ಹೋಗಿ.

ಇದನ್ನು ಬರೀ ಕಿರಿಕಿರಿ ಅಂತ ತಳ್ಳಿಹಾಕುವಂತಿಲ್ಲ. 2024ರಲ್ಲಿ ಎಫ್‌ಡಿಎ ಒಪ್ಪಿಗೆ ಪಡೆದ ಡಾ ವಿನ್ಸಿ 5ರಲ್ಲಿ ಅಂಗಾಂಶದ ಮೇಲೆ ಬೀಳುವ ಬಲವನ್ನು ಸರ್ಜನ್ ಕೈಗೆ ತಿಳಿಸುವ ಉಪಕರಣಗಳು ಬಂದಿವೆ. ನೀವೂ ಅಂಥದ್ದನ್ನು ಮಾಡಹೊರಟಿದ್ದು, ಬಲ ಅಳೆಯುವ ಸೆನ್ಸರ್ ಸೀಲಿನ ಹಿಂದೆ ಇಟ್ಟಿದ್ದರೆ, ಸೀಲಿನ ತಿಕ್ಕಾಟವನ್ನೂ ಅದು ಅಂಗಾಂಶ ಅಂತಲೇ ಓದುತ್ತದೆ.

ಲಕ್ಷಣ: ಪಕ್ಕಕ್ಕೆ ಒತ್ತಿದಾಗ ಮಾತ್ರ ಸೋರುತ್ತದೆ

ಬೆರಳಿನಿಂದ ಕೊಳವೆಯನ್ನು ನಾಲ್ಕು ದಿಕ್ಕಿಗೂ ಒತ್ತಿ ಗುಳ್ಳೆ ನೋಡಿ. ಒಂದೇ ದಿಕ್ಕಿಗೆ ಬಂದರೆ ಸೀಲಿನ ಆ ಬದಿ ಸವೆದಿದೆ. ಎಲ್ಲ ದಿಕ್ಕಿಗೂ ಬಂದರೆ ಕೊಳವೆಯನ್ನು ಹಿಡಿಯಬೇಕಾದ ಬುಷ್ ಸಡಿಲ. ಭಾರ ಹೊರುವುದು ಬುಷ್ ಕೆಲಸ, ಗ್ಯಾಸ್ ತಡೆಯುವುದು ಸೀಲ್ ಕೆಲಸ. ಎರಡನ್ನೂ ಸೀಲಿಗೇ ಕೊಟ್ಟರೆ ಅದು ಎರಡನ್ನೂ ಮಾಡುವುದಿಲ್ಲ.

ಲಕ್ಷಣ: ಕೆಲವು ಸಲ ಆಟೋಕ್ಲೇವ್ ಆದಮೇಲೆ ಶುರುವಾಯಿತು

ಕುಕ್ಕರ್ ಗ್ಯಾಸ್ಕೆಟ್ ವರ್ಷ ಕಳೆದ ಮೇಲೆ ಗಟ್ಟಿಯಾಗಿ ಆವಿ ಬಿಡುತ್ತದಲ್ಲ, ಇಲ್ಲಿ ಅದೇ ಬೇಗ ಆಗುತ್ತದೆ. ಆಟೋಕ್ಲೇವ್ ಅಂದರೆ ಆವಿಯಿಂದ ಸ್ಟೆರಿಲೈಸ್ ಮಾಡುವ ಯಂತ್ರ, ಅದರ ಆವಿ 134 ಡಿಗ್ರಿ. ಮನೆಯ ಕುಕ್ಕರ್ 120ರ ಆಸುಪಾಸು.

ಮೊದಲು ದಾಖಲೆ ನೋಡಿ. ಡಿಟರ್ಜೆಂಟ್ ಬದಲಾಯಿತೇ? ಹೊಸ ಗ್ರೀಸ್ ಬಂತೇ? ನನ್ನ ಅನುಭವದಲ್ಲಿ ಇದ್ದಕ್ಕಿದ್ದಂತೆ ಶುರುವಾದ ಸೋರಿಕೆಯ ಹಿಂದೆ ಇಂಥದ್ದೊಂದು ಇರುತ್ತದೆ. ಇಪಿಡಿಎಂ ರಬ್ಬರ್ ಆವಿಗೆ ಜಟ್ಟಿ, ಆದರೆ ಪೆಟ್ರೋಲಿಯಂ ಗ್ರೀಸ್ ತಾಗಿದರೆ ಊದಿಕೊಳ್ಳುತ್ತದೆ. ಸಿಲಿಕೋನ್ ರಬ್ಬರಿಗೆ ಸಿಲಿಕೋನ್ ಗ್ರೀಸ್ ಹಚ್ಚಿದರೂ ಅದೇ ಗತಿ, ತನ್ನ ಜಾತಿಯದ್ದೇ ಅಂತ ಹೀರಿಕೊಳ್ಳುತ್ತದೆ. ಫ್ಲೋರೋಕಾರ್ಬನ್ ರಬ್ಬರ್ ಎಣ್ಣೆಗೆ ಹೆದರುವುದಿಲ್ಲ, ಆದರೆ ಅದರ ಸಾಮಾನ್ಯ ದರ್ಜೆಗಳಿಗೆ ಕ್ಷಾರೀಯ ಡಿಟರ್ಜೆಂಟ್ ಮತ್ತು ಬಿಸಿ ಆವಿ ಎರಡೂ ಆಗಿಬರುವುದಿಲ್ಲ. ಪಾಲಿಯುರೆಥೇನ್ ಸವೆತಕ್ಕೆ ಗಟ್ಟಿ, ಬಿಸಿ ಆವಿಯಲ್ಲಿ ನಿಧಾನಕ್ಕೆ ಕೊಳೆಯುತ್ತದೆ. ಪಿಟಿಎಫ್‌ಇಗೆ (ಟೆಫ್ಲಾನ್) ರಾಸಾಯನಿಕದ ಭಯವೇ ಇಲ್ಲ, ಆದರೆ ಒತ್ತಿ ಇಟ್ಟರೆ ಹಿಟ್ಟಿನಂತೆ ಮೆಲ್ಲಗೆ ಹರಿದು ಸಡಿಲವಾಗುತ್ತದೆ, ಹಿಂದೆ ಸ್ಪ್ರಿಂಗ್ ಬೇಕು.

ದಾಖಲೆ ಸರಿಯಿದ್ದರೆ ತೂಕ ನೋಡಿ. ಆಟೋಕ್ಲೇವ್‌ಗೆ ಮುಂಚೆ ಒಮ್ಮೆ, ಪೂರ್ತಿ ತಣ್ಣಗಾಗಿ ಒಣಗಿದ ಮೇಲೆ ಒಮ್ಮೆ, ಚಿನ್ನದ ಅಂಗಡಿಯವರಂಥ ತಕ್ಕಡಿಯಲ್ಲಿ. ತೂಕ ಏರಿದ್ದರೆ ಒಳಗೆ ನೀರು ಕೂತಿದೆ. ಹೇಗೆ ಅಂತೀರಾ? ಆಪರೇಷನ್‌ನಲ್ಲಿ ಸೀಲ್ ಎದುರಿಸುವುದು 20 ಮಿಲಿಬಾರ್. ಆಟೋಕ್ಲೇವ್‌ನಲ್ಲಿ ಆವಿ ಸುಮಾರು 3 ಬಾರ್, ಮುಚ್ಚಿದ ಕೊಳವೆಯೊಳಗಿನ ಗಾಳಿ ಬಿಸಿಯಾದರೂ ಒಂದೂವರೆ ಬಾರ್ ಮುಟ್ಟುವುದಿಲ್ಲ. ವ್ಯತ್ಯಾಸ ಒಂದೂವರೆ ಬಾರ್‌ಗಿಂತ ಜಾಸ್ತಿ, ಅಂದರೆ ಆಪರೇಷನ್‌ನ 75 ಪಟ್ಟಿಗೂ ಮೇಲೆ. ಅದಕ್ಕೂ ಮೊದಲು ಯಂತ್ರ ಗಾಳಿ ಎಳೆದು ನಿರ್ವಾತ ಮಾಡುತ್ತದೆ, ಆಗ ಒಳಗಿನ ಗಾಳಿ ಸೀಲನ್ನು ಹೊರಕ್ಕೆ ನೂಕುತ್ತದೆ. ಹೀಗೆ ಹಿಂದೆ ಮುಂದೆ ನೂಕಿಸಿಕೊಂಡ ಸೀಲ್ ಆವಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ತಣ್ಣಗಾದ ಮೇಲೆ ಆ ನೀರು ಹೊರಗೆ ಬರಲು ಒತ್ತಡವೇ ಇರುವುದಿಲ್ಲ.

ಅರೆಬರೆ ಸೀಲ್ ಎಲ್ಲಕ್ಕಿಂತ ಕೆಟ್ಟದ್ದು ಅನ್ನುವುದು ನಾನು ಹಟ ಹಿಡಿಯುವ ವಿಷಯ. ಒಂದೋ ಆ ಜಾಗವನ್ನು ನಿಜವಾಗಿ, ಈ 75 ಪಟ್ಟಿಗೂ ಸೇರಿಸಿ, ಮುಚ್ಚಿ. ಆಗದಿದ್ದರೆ ಧೈರ್ಯವಾಗಿ ತೆರೆದಿಡಿ, ಫ್ಲಶ್ ಪೋರ್ಟ್ ಕೊಡಿ, ನೀರು ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆಯಿಂದ ಬರಲಿ, ಆವಿಯೂ ಹಾಗೇ ಹೋಗಿ ಬರಲಿ. ಸೀಲಿನ ಪರೀಕ್ಷೆಯನ್ನು 20 ಮಿಲಿಬಾರ್‌ಗೆ ನಿಲ್ಲಿಸಿದ ವಿನ್ಯಾಸ ಅರ್ಧ ಪರೀಕ್ಷೆ ಮಾತ್ರ ಬರೆದಿದೆ.

ಲಕ್ಷಣ: ಒಳಗೆ ನೀರಿನ ಸದ್ದು, ಸುಟ್ಟ ವಾಸನೆ, ಕಪ್ಪು ಕಲೆ

ಇಲ್ಲಿ ತಪಾಸಣೆ ನಿಲ್ಲಿಸಿ. ಅನೇಕ ಉಪಕರಣಗಳ ತುದಿಗೆ ಅಂಗಾಂಶ ಕತ್ತರಿಸುವ, ಸುಡುವ ಕರೆಂಟ್ ಹೋಗುತ್ತದೆ. ಕೊಳವೆಯೊಳಗೆ ಸಲೈನ್ ಸೇರಿದರೆ, ಅಥವಾ ಹೊರಗಿನ ಇನ್ಸುಲೇಷನ್ ಸೀಳಿದರೆ, ಆ ಕರೆಂಟ್ ಕ್ಯಾಮೆರಾ ನೋಡದ ಜಾಗದಲ್ಲಿ ಕರುಳನ್ನು ಸುಡಬಹುದು. ಇನ್ನೊಂದು ಸಲ ಒಣಗಿಸಿ ನೋಡೋಣ ಅನ್ನುವ ಮಾತೇ ಇಲ್ಲ. ಚೀಟಿ ಕಟ್ಟಿ ಪಕ್ಕಕ್ಕಿಟ್ಟು, ತಯಾರಕರಿಗೆ ಬರೆಯಿರಿ. ರೋಗಿಗೆ ತೊಂದರೆಯಾಗಿದ್ದರೆ, ಆಗುವ ಸಂಭವ ಇದ್ದಿದ್ದರೂ, ವೈದ್ಯಕೀಯ ಸಾಧನಗಳಿಂದಾದ ತೊಂದರೆ ದಾಖಲಿಸುವ ಭಾರತದ ಮೆಟೀರಿಯೊವಿಜಿಲೆನ್ಸ್ ಕಾರ್ಯಕ್ರಮಕ್ಕೆ ವರದಿ ಮಾಡಿ. 2015ರಲ್ಲಿ ಶುರುವಾದ ಇದನ್ನು ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯ ಕಮಿಷನ್ ನೋಡಿಕೊಳ್ಳುತ್ತದೆ. ತುದಿಯ ರಬ್ಬರ್ ಚೂರು ಕಾಣೆಯಾಗಿದ್ದರೂ ಹೀಗೇ ಮಾಡಿ. ಅದಕ್ಕೂ ಮೊದಲು ಸರ್ಜನ್‌ಗೆ ತಿಳಿಸಿ, ಚೂರು ಹೊಟ್ಟೆಯೊಳಗಿರಬಹುದು.

ತೆಗೆದ ಸೀಲನ್ನು ಎಸೆಯುವ ಮೊದಲು

ಬಿಚ್ಚುವಾಗ ಸೀಲಿನ ಮೇಲ್ಬದಿಗೆ ಬಿಳಿ ಪೆನ್ನಿನಿಂದ ಒಂದು ಚುಕ್ಕೆ ಇಡಿ. ಹೊಟ್ಟೆಯ ಕಡೆ ಯಾವುದು, ಡಬ್ಬಿಯ ಕಡೆ ಯಾವುದು ಅಂತ ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಚಿಮಟದ ತುದಿಗೆ ಪ್ಲಾಸ್ಟಿಕ್ ಹಾಕಿಕೊಳ್ಳಿ. ಲೋಹದ ಚಿಮಟ ಮಾಡಿದ ಗೀರನ್ನೇ ದೋಷ ಅಂತ ನಾನು ಒಮ್ಮೆ ವರದಿ ಬರೆದಿದ್ದೆ.

ಎರಡೂ ಬದಿ ಚಪ್ಪಟೆಯಾಗಿದ್ದರೆ ಬಿಸಿಗೆ ಸತ್ತಿದೆ, ತನ್ನ ಆಕಾರಕ್ಕೆ ಮರಳುವ ಶಕ್ತಿ ಹೋಗಿದೆ. ಊದಿ ಮೆತ್ತಗಾಗಿದ್ದರೆ ಗ್ರೀಸ್ ಅಥವಾ ರಾಸಾಯನಿಕ. ಗಟ್ಟಿಯಾಗಿ ಸಣ್ಣ ಬಿರುಕು ಬಿಟ್ಟಿದ್ದರೆ ವಯಸ್ಸು. ಒಂದೇ ಕಡೆ ಮಿರುಗುವ ಸವೆತ ಇದ್ದರೆ ಬುಷ್. ಅಂಚನ್ನು ಇಲಿ ಕಡಿದಂತಿದ್ದರೆ ಒತ್ತಡ ಅದನ್ನು ಸಂದಿಯೊಳಗೆ ನೂಕಿದೆ, ಸಂದಿ ಕಿರಿದು ಮಾಡಿ. ಏನೂ ಕಾಣದೆ ಹೊಸದರಂತೆ ಇದ್ದರೆ ಸೀಲನ್ನು ಬಿಟ್ಟು ಗ್ರೂವ್ ಅಳೆಯಲು ಹೋಗಿ.

ಆಮೇಲೆ ಅದನ್ನು ಜಿಪ್ ಕವರಿಗೆ ಹಾಕಿ, ಉಪಕರಣದ ನಂಬರು, ಎಷ್ಟು ಸಲ ಸ್ಟೆರಿಲೈಸ್ ಆಗಿತ್ತು, ಯಾವ ಗ್ರೀಸ್, ಯಾವ ಲಕ್ಷಣ ಅಂತ ಬರೆದಿಡಿ. ನನ್ನ ಮೇಜಿನ ಎರಡನೇ ಡ್ರಾಯರ್ ತುಂಬ ಇಂಥವೇ. ಹೋದ ತಿಂಗಳು ಹೊಸದೊಂದು ಸೋರಿಕೆ ಬಂದಾಗ ಹಳೆಯ ಕವರುಗಳನ್ನು ಹರಡಿ ಕೂತೆವು. ಎರಡು ವರ್ಷದ ಹಿಂದಿನ ಒಂದರಲ್ಲಿ ಅದೇ ಜಾಗಕ್ಕೆ ಅದೇ ಅರ್ಧಚಂದ್ರದ ಕಚ್ಚು ಇತ್ತು.